ಮಾವನಿಗೊಂದು ಮರದ ಕೋಲು: ಕೊಂಬೆ ಕಡಿದಲ್ಲಿಂದ ರಬ್ಬರ್ ಬುಷ್ ಹಾಕುವವರೆಗೆ

ಅಂತೂ ಮುಗೀತು ಮಾರಾಯ್ರೆ. ಹೋದ ವಾರ ಕೋಲಿನ ಬುಡಕ್ಕೆ ರಬ್ಬರ್ ಬುಷ್ ಹಾಕಿ ಮಾವನ ಕೈಗೆ ಕೊಟ್ಟೆ. ಶುರು ಮಾಡಿದ್ದು ಮಕರ ಸಂಕ್ರಾಂತಿ ಕಳೆದ ಮೇಲೆ, ಕೊಟ್ಟದ್ದು ದೀಪಾವಳಿ ಆದ ಮೇಲೆ, ಒಂದು ಕೋಲಿಗೆ ಇಷ್ಟು ಟೈಮಾ ಅಂತ ನೆರೆಕರೆಯವರೆಲ್ಲ ನಕ್ಕು ಆಯ್ತು. ನಿಜ ಹೇಳ್ಬೇಕಾದ್ರೆ ಉಳಿ, ಸ್ಯಾಂಡ್ ಪೇಪರ್ ಹಿಡಿದು ಕೂತದ್ದು ಕೆಲವು ಆದಿತ್ಯವಾರ ಮಾತ್ರ. ಉಳಿದದ್ದೆಲ್ಲ ಕಾಯೋದೇ. ಮರ ಒಣಗ್ಲಿಕ್ಕೆ ಕಾಯೋದು, ಮಳೆ ನಿಲ್ಲಲಿಕ್ಕೆ ಕಾಯೋದು, ಮರದ ಕೆಲಸದ ಆಚಾರಿಗಳಿಗೆ ಪುರುಸೊತ್ತು ಆಗ್ಲಿಕ್ಕೆ ಕಾಯೋದು. ಯೂಟ್ಯೂಬ್‌ನಲ್ಲಿ ವಿಡಿಯೋ ಬೇಕಾದಷ್ಟು ಉಂಟು, ಆದ್ರೆ ಅದೆಲ್ಲ ಚಳಿ ದೇಶದವರದ್ದು, ಕಾಡಿಗೆ ಹೋದ್ರು ಕೊಂಬೆ ತಂದ್ರು ಶೆಡ್ಡಲ್ಲಿ ಇಟ್ರು ಒಣಗಿತು ಅಂತ. ನಮ್ಮ ಉಡುಪಿ ಕಡೆ ಜೂನ್‌ನಲ್ಲಿ ಹೊರಗೆ ಒಣ ಹಾಕಿದ ಬಟ್ಟೆಯೇ ಒಣಗೋದಿಲ್ಲ, ಮರ ಎಲ್ಲಿಂದ ಒಣಗ್ಬೇಕು! ಇಲ್ಲಿ ಮಾಡುವವರಿಗೆ ಉಪಯೋಗ ಆಗ್ಲಿ ಅಂತ ಬರೀತಾ ಇದ್ದೇನೆ.

ಮಾವನಿಗೆ ಬಲಗಾಲಿನ ಮೊಣಗಂಟು ಸವೆದಿದೆ. ಆಪರೇಶನ್ ಈಗ ಬೇಡ, ವ್ಯಾಯಾಮ ಮಾಡಿ, ಹೊರಗೆ ಹೋಗುವಾಗ ಕೋಲು ಹಿಡೀರಿ ಅಂದ್ರು ಡಾಕ್ಟ್ರು. ಸರ್ಜಿಕಲ್ ಅಂಗಡಿಯಿಂದ ಅಲ್ಯುಮಿನಿಯಂದು ತಂದ್ವಿ, ಐನೂರು ರೂಪಾಯಿ ಆಸುಪಾಸು, ಎತ್ತರ ಹೆಚ್ಚು ಕಮ್ಮಿ ಮಾಡ್ಲಿಕ್ಕೆ ಬಟನ್ ಇರುವಂಥದ್ದು. ಮನೆ ಒಳಗೆ ಹಿಡಿದ್ರು, ಗೇಟಿಂದ ಆಚೆ ಮಾತ್ರ ಜಪ್ಪಯ್ಯ ಅಂದ್ರೂ ಒಯ್ಯೋದಿಲ್ಲ. "ಅದು ಆಸ್ಪತ್ರೆದ್ದು. ಹಿಡ್ಕೊಂಡು ಹೋದ್ರೆ ಸಿಕ್ಕಿದವ್ರೆಲ್ಲ ಎಂತ ಆಯ್ತು ಎಂತ ಆಯ್ತು ಕೇಳ್ತಾರೆ. ಮರದ್ದಾದ್ರೆ ಯಾರೂ ಕೇಳುದಿಲ್ಲ." ಅದೂ ಸರಿಯೇ ಅನ್ನಿಸ್ತು. ಮಾರ್ಕೆಟ್‌ನಲ್ಲಿ ಸಿಗುವ ಮರದ ಕೋಲುಗಳನ್ನು ನೋಡಿದೆ, ಹೆಚ್ಚಿನವು ಛತ್ರಿ ಹಿಡಿ ಬಗ್ಗಿಸಿದಂಥವು, ನೋಡ್ಲಿಕ್ಕೆ ಚಂದ, ಆದ್ರೆ ಭಾರ ಹಾಕಿದ್ರೆ ಅಂಗೈಯಲ್ಲಿ ಒಂದೇ ಜಾಗಕ್ಕೆ ಒತ್ತುತ್ತದೆ. ಕೈ ಬೆರಳಿನ ಗಂಟೂ ನೋವಿರುವವರಿಗೆ ಅಡ್ಡ ಹಿಡಿ ಇರುವಂಥದ್ದೇ ಸುಖ. ಸಣ್ಣಪುಟ್ಟ ಮರದ ಕೆಲಸ ನನಗೆ ಮೊದಲಿಂದ ಖುಷಿ, ಮನೆಯ ಶೆಲ್ಫ್ ಎಲ್ಲ ನಾನೇ ಮಾಡಿದ್ದು, ಹಾಗಾಗಿ ನೋಡೇ ಬಿಡುವ ಅಂತ ಇಳಿದೆ.

ಮರಕ್ಕಿಂತ ಮೊದಲು ಅಳತೆ, ಇದನ್ನು ದಯವಿಟ್ಟು ನೆನಪಿಡಿ. ಫಿಸಿಯೋಥೆರಪಿಸ್ಟ್ ಹತ್ರ ಕೇಳಿದಾಗ ಅವ್ರು ಹೇಳಿದ್ದು ಇಷ್ಟು: ಹೊರಗೆ ಹಾಕುವ ಚಪ್ಪಲಿ ಹಾಕಿಸಿ ನೇರ ನಿಲ್ಲಿಸಿ, ಕೈ ಸಡಿಲ ಇಳಿಬಿಡ್ಲಿಕ್ಕೆ ಹೇಳಿ, ನೆಲದಿಂದ ಮಣಿಕಟ್ಟಿನ ಗೆರೆವರೆಗೆ ಎಷ್ಟೋ ಅಷ್ಟು ಕೋಲಿನ ಎತ್ತರ. ಹಿಡಿದಾಗ ಮೊಣಕೈ ಚೂರು ಬಾಗಿರಬೇಕು, 15ರಿಂದ 30 ಡಿಗ್ರಿ ಒಳಗೆ. ಉದ್ದ ಆದ್ರೆ ಭುಜ ಮೇಲೆ ಹೋಗ್ತದೆ, ಗಿಡ್ಡ ಆದ್ರೆ ಮನುಷ್ಯ ಬಗ್ಗಿ ಸೊಂಟ ನೋವು ಶುರು. ಮತ್ತೆ ಕೋಲು ಹಿಡಿಯೋದು ನೋವಿಲ್ಲದ ಕಡೆಯ ಕೈಯಲ್ಲಿ, ಅಂದ್ರೆ ಬಲ ಮೊಣಗಂಟು ನೋವಾದ್ರೆ ಎಡಗೈ. ಇದನ್ನು ನಮ್ಮ ಮನೇಲಿ ಯಾರೂ ನಂಬ್ಲಿಲ್ಲ, ಅತ್ತೆಯಂತೂ "ನೋವಿದ್ದ ಕಡೆಗೆ ಅಲ್ವನಾ ಊರ್ಬೇಕಾದ್ದು" ಅಂತ ವಾದವೇ ಮಾಡಿದ್ರು. ಆದ್ರೆ ನಡೆಯುವಾಗ ಎಡಗೈಯ ಕೋಲೂ ಬಲಗಾಲೂ ಒಟ್ಟಿಗೆ ಮುಂದೆ ಬರ್ತದೆ, ಹಾಗೆ ಬಂದಾಗಲೇ ಆ ಕಾಲಿನ ಭಾರ ಕೋಲಿಗೆ ಹಂಚಿ ಹೋಗೋದು. ಮೆಟ್ಟಿಲು ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ಕೋಲು ಮತ್ತೆ ನೋವಿನ ಕಾಲು ಮೊದಲು. ಇದು ಕೋಲು ಮಾಡುವವರಿಗೆ ಯಾಕೆ ಮುಖ್ಯ ಅಂದ್ರೆ ಅಂಗೈ ಆಕಾರಕ್ಕೆ ಕೆತ್ತಿದ ಹಿಡಿ ಎಡಕ್ಕೆ ಬೇರೆ, ಬಲಕ್ಕೆ ಬೇರೆ. ಕೆತ್ತಿ ಆದ ಮೇಲೆ ಬದಲಿಸ್ಲಿಕ್ಕೆ ಆಗೋದಿಲ್ಲ.

ಆ ಅಲ್ಯುಮಿನಿಯಂ ಕೋಲೂ ದಂಡ ಆಗ್ಲಿಲ್ಲ. ಒಂದೊಂದು ತೂತಿಗೆ ಬಟನ್ ಬದಲಿಸಿ ಮಾವ ಕೆಲವು ದಿನ ಹಿಡಿದು ನೋಡಿದ್ರು, ಯಾವ ತೂತಲ್ಲಿ ಆರಾಮ ಅನ್ನಿಸ್ತೋ ಅದಕ್ಕೆ ಪರ್ಮನೆಂಟ್ ಮಾರ್ಕರ್‌ನಲ್ಲಿ ಗುರುತು ಹಾಕಿದೆ. ಟೇಪಿನ ಲೆಕ್ಕಕ್ಕಿಂತ ಅದೇ ಗ್ಯಾರಂಟಿ.

ಈಗ ಮರ. ಕೇಳಿದವರೆಲ್ಲ ಒಂದೊಂದು ಹೇಳಿದ್ರು. ನಾಗರಬೆತ್ತ ಅಂದ್ರು, ಚಂದವೇ, ಹಗುರವೂ ಹೌದು, ಆದ್ರೆ ಅದು ಕಾಡಿನ ಉತ್ಪತ್ತಿ, ಯಾರೋ ತಂದುಕೊಡ್ತೇನೆ ಅಂದ್ರು ಅಂತ ಸುಮ್ಮನೆ ತಕೊಳ್ಳುವ ಹಾಗಿಲ್ಲ. ಗಾಳಿಮರ ಗಟ್ಟಿ, ಆದ್ರೆ ಭಾರ, ಒಣಗುವಾಗ ಸಿಕ್ಕಾಪಟ್ಟೆ ಸೀಳ್ತದೆ. ಸಾಗುವಾನಿ ಹಲಗೆಯಿಂದ ಸೀಳಿ ಕೋಲು ಮಾಡ್ಬಹುದು, ಆದ್ರೆ ಮರದ ನಾರಿನ ಎಳೆ ಬುಡದಿಂದ ತುದಿವರೆಗೆ ನೇರ ಓಡಬೇಕು, ಎಳೆ ಓರೆಯಾಗಿ ಹೊರಗೆ ಹೋದಲ್ಲಿ ಒಂದು ದಿನ ಟಕ್ ಅಂತ ಮುರೀತದೆ, ಮೊಣಗಂಟು ನೋವಿನವರ ಕೈಯಲ್ಲಿ ಮುರಿದ್ರೆ ಗತಿ ಎಂತ. ಕೊನೆಗೆ ಬಾವಿಕಟ್ಟೆ ಹತ್ರದ ಪೇರಳೆ ಮರವೇ ಸಾಕು ಅಂತಾಯ್ತು. ಪೇರಳೆ ಕೊಂಬೆ ಗಟ್ಟಿ, ಬಗ್ಗಿದ್ರೂ ಮುರಿಯೋದಿಲ್ಲ, ಮಕ್ಕಳು ಕವಣೆಗೆ ಅದನ್ನೇ ಹುಡುಕೋದು, ಕತ್ತಿ ಸುತ್ತಿಗೆ ಹಿಡಿಗೂ ಅದೇ. ಹೆಬ್ಬೆರಳಿಗಿಂತ ಚೂರು ದಪ್ಪ, ಸಿಪ್ಪೆ ಸಮೇತ ಒಂದೂಕಾಲು ಇಂಚು ಒಳಗೆ ಇರುವ ಕೊಂಬೆ ನೋಡಿ.

ಕಡಿಯೋದು ಯಾವಾಗ ಅನ್ನೋದಕ್ಕೆ ನಮ್ಮಲ್ಲಿ ಹಿರಿಯರು ಅಮಾವಾಸ್ಯೆ ಹತ್ತಿರ ಕಡೀಬೇಕು, ಹುಣ್ಣಿಮೆಗೆ ಕಡಿದ್ರೆ ಕುಟ್ಟೆ, ಅಂದ್ರೆ ಮರ ಕೊರೆಯುವ ಹುಳ, ಹಿಡೀತದೆ ಅಂತಾರೆ. ಮಾವನ ಸಮಾಧಾನಕ್ಕೆ ಹಾಗೇ ಮಾಡಿದೆ. ಚಂದ್ರನ ವಿಷಯ ಬಿಡಿ, ಮಳೆಗಾಲ ಮುಗಿದು ಮರದಲ್ಲಿ ಹೊಸ ಚಿಗುರು ಬರುವ ಮೊದಲು ಕಡಿಯೋದು ಒಳ್ಳೇದು ಅನ್ನೋದಕ್ಕೆ ಕಾರಣ ಉಂಟು, ಆಗ ಕಡಿದ್ರೆ ಮಳೆ ಬರುವ ಮೊದಲು ನಾಲ್ಕೈದು ತಿಂಗಳು ಒಣ ಹವೆ ಸಿಕ್ತದೆ. ಬೇಕಾದ್ದು ಒಂದೇ ಕೋಲಾದ್ರೂ ನಾಲ್ಕು ಕೊಂಬೆ ಕಡಿಯಿರಿ. ಎರಡೂ ತುದಿಯಲ್ಲಿ ಅರ್ಧರ್ಧ ಅಡಿ ಜಾಸ್ತಿ ಬಿಡಿ. ಕಡಿದ ದಿವಸವೇ ಎರಡೂ ಕೊನೆಗೆ ಮೇಣ ಕರಗಿಸಿ ಬಳೀರಿ, ಮೇಣ ಇಲ್ಲದಿದ್ರೆ ಹಳೆ ಪೈಂಟಾದ್ರೂ ಆದೀತು, ಯಾಕಂದ್ರೆ ನೀರು ಬೇಗ ಹೋಗೋದು ಕೊನೆಯಿಂದ, ಅಲ್ಲಿ ಬೇಗ ಒಣಗಿ ಕುಗ್ಗಿದ್ರೆ ಸೀಳು ಒಳಗೆವರೆಗೆ ಹೋಗ್ತದೆ. ಬಿಸಿಲಿಗೆ ಇಡ್ಲೇ ಬೇಡಿ. ಸಿಪ್ಪೆಯೂ ಆಗ ತೆಗೀಬೇಡಿ. ನೆರಳಲ್ಲಿ, ಗಾಳಿ ಆಡುವಲ್ಲಿ, ಬುಡಕ್ಕೆ ಒಂದು ಕಲ್ಲು ಕಟ್ಟಿ ನೇತು ಹಾಕಿದ್ರೆ ಡೊಂಕಾಗೋದು ಕಮ್ಮಿ.

ಒಣಗಿತಾ ಇಲ್ವಾ ಗೊತ್ತಾಗೋದು ಹೇಗೆ? ಇದಕ್ಕೆ ಮೀಟರ್ ಎಂತ ಬೇಡ, ಅಡಿಗೆಮನೆ ತಕ್ಕಡಿ ಸಾಕು. ನನ್ನದು ಡಿಜಿಟಲ್, ಅದರ ಮೇಲೆ ಒಂದು ಪಾತ್ರೆ ಕವುಚಿ ಇಟ್ಟು ಕೊಂಬೆಯನ್ನು ಅಡ್ಡ ಮಲಗಿಸ್ತಿದ್ದೆ. ಕಡಿದಾಗ 650 ಗ್ರಾಮ್ ಹತ್ರ ಇದ್ದದ್ದು ಮೊದಲ ತಿಂಗಳು ದಡದಡ ಇಳೀತು, ಆಮೇಲೆ ನಿಧಾನ, ಮೇ ಹೊತ್ತಿಗೆ 480ರ ಆಸುಪಾಸು ನಿಂತಿತು. ವಾರ ವಾರ ತೂಗಿ ಸಿಪ್ಪೆ ಮೇಲೆಯೇ ಪೆನ್ಸಿಲ್‌ನಲ್ಲಿ ಬರೆದಿಡಿ. ತೂಕ ಇಳಿಯೋದು ನಿಂತ್ರೆ ಒಣಗಿದೆ ಅಂತ ಲೆಕ್ಕ. ಸಾಮಾನ್ಯ ಲೆಕ್ಕ ಒಂದು ಇಂಚು ದಪ್ಪಕ್ಕೆ ಒಂದು ವರ್ಷ ಅಂತ, ಕೋಲಿನಂಥ ಸಪೂರದ್ದಕ್ಕೆ ಅಷ್ಟು ಬೇಕಂತಿಲ್ಲ.

ನಾನು ಮೇಯಲ್ಲೇ ಶುರು ಮಾಡುವ ಅಂತಿದ್ದೆ. ಆಚಾರಿಗಳು ಬೇಡ ಅಂದ್ರು. "ಅಕ್ಕಾ, ಈಗ ಹಿಡಿ ಕೂರಿಸಿದ್ರೆ ಮಳೆಗೆ ಮರ ಉಬ್ಬಿ ಜಾಯಿಂಟ್ ಬಿಡ್ತದೆ. ಒಂದು ಮಳೆಗಾಲ ನೋಡ್ಲಿ ಅದು." ಸರಿ, ಬಚ್ಚಲುಮನೆ ಒಲೆಯ ಮೇಲಿನ ಅಟ್ಟಕ್ಕೆ ಹೋಯ್ತು. ನಮ್ಮಲ್ಲಿ ಈಗಲೂ ಸ್ನಾನದ ನೀರು ಹಂಡೆಯಲ್ಲೇ, ದಿನಾ ಹೊಗೆ ಬಿಸಿ ಎರಡೂ ಸಿಕ್ತದೆ, ಅಟ್ಟದಲ್ಲಿಟ್ಟವು ಜುಲೈ-ಆಗಸ್ಟ್‌ನ ಆಟಿ ತಿಂಗಳ ಮಳೆಯಲ್ಲೂ ತೂಕ ಜಾಸ್ತಿ ಏರ್ಲಿಲ್ಲ. ಪರೀಕ್ಷೆಗೆ ಅಂತ ಒಂದನ್ನು ಚಾವಡಿ ಮೂಲೆಯಲ್ಲಿ ಬಿಟ್ಟಿದ್ದೆ, ಅದು ಬೂಸ್ಟು ಹಿಡಿದು ಹಸಿರಾಯ್ತು, ಸೆಪ್ಟೆಂಬರ್‌ನಲ್ಲಿ ನೋಡಿದ್ರೆ ಅದರ ಬುಡದಲ್ಲಿ ಗೋಧಿ ಹಿಟ್ಟಿನಷ್ಟು ನುಣ್ಣಗೆ ಹುಡಿ ಬಿದ್ದಿತ್ತು, ಸೂಜಿ ಮೊನೆಯಷ್ಟು ಸಣ್ಣ ತೂತು ಸಾಲಾಗಿ. ಕುಟ್ಟೆ. ಇಂಥದ್ದನ್ನು ಉಳಿಸ್ತೇನೆ ಅಂತ ಔಷಧ ಹಾಕಿಕೊಂಡು ಕೂರಬೇಡಿ, ಒಳಗೆ ಎಷ್ಟು ತಿಂದಿದೆ ಹೊರಗಿಂದ ಗೊತ್ತಾಗೋದಿಲ್ಲ, ಭಾರ ಹೊರುವ ವಸ್ತು ಅದು. ಸೀದಾ ಒಲೆಗೆ ಹಾಕಿದೆ. ಇನ್ನೊಂದು ಗಂಟಿನ ಹತ್ರ ಉದ್ದಕ್ಕೆ ಸೀಳಿತ್ತು, ಅದೂ ಹೋಯ್ತು. ನಾಲ್ಕು ಕಡಿಯಿರಿ ಅಂದದ್ದು ಇದಕ್ಕೇ.

ನೆರೆಮನೆಯ ಅಜ್ಜ ಒಬ್ರು ಗೇರೆಣ್ಣೆ ಬಳಿದ್ರೆ ಕುಟ್ಟೆ ಗೆದ್ದಲು ಎಂತದ್ದೂ ಹತ್ರ ಬರೋದಿಲ್ಲ ಅಂದ್ರು. ಮಾಡಿನ ಪಕ್ಕಾಸು, ದೋಣಿ ಎಲ್ಲದಕ್ಕೂ ಹಿಂದಿನಿಂದ ಬಳೀತಾರೆ, ನಿಜ. ಆದ್ರೆ ಗೇರುಬೀಜದ ಸಿಪ್ಪೆಯ ಎಣ್ಣೆ ಚರ್ಮ ಸುಡ್ತದೆ, ಫ್ಯಾಕ್ಟರಿಯಲ್ಲಿ ಬೀಜ ಸುಲಿಯುವವರ ಕೈ ನೋಡಿದವರಿಗೆ ಗೊತ್ತು. ಇಡೀ ದಿನ ಕೈಯಲ್ಲಿ ಹಿಡಿಯುವ ಕೋಲಿಗೆ ಅದು ಬೇಡವೇ ಬೇಡ.

ಮಳೆ ನಿಂತ ಮೇಲೆ ನೆಟ್ಟಗೆ ಮಾಡುವ ಕೆಲಸ. ನನ್ನ ಕೊಂಬೆಯಲ್ಲಿ ಬುಡದಿಂದ ಒಂದು ಅಡಿ ಮೇಲೆ ಸಣ್ಣ ಡೊಂಕು. ಒದ್ದೆ ಗೋಣಿ ಸುತ್ತಿ ಬಚ್ಚಲ ಒಲೆಯ ಕೆಂಡದ ಮೇಲೆ, ಬೆಂಕಿ ತಾಗದ ಹಾಗೆ, ತಿರುಗಿಸ್ತಾ ಹಿಡಿದೆ. ಗೋಣಿಯಿಂದ ಹಬೆ ಏಳ್ಬೇಕು, ಮರ ಕೈಯಲ್ಲಿ ಮುಟ್ಲಿಕ್ಕಾಗದಷ್ಟು ಬಿಸಿ ಆಗ್ಬೇಕು. ಆಮೇಲೆ ದಪ್ಪ ಬಟ್ಟೆಯಲ್ಲಿ ಹಿಡಿದು ಮಂಡಿಗೆ ಕೊಟ್ಟು ನಿಧಾನ ಒತ್ತೋದು, ನೇರಕ್ಕಿಂತ ಚೂರು ಆಚೆಗೇ ಒತ್ತಿ, ತಣಿಯುವವರೆಗೆ ಬಿಡ್ಬಾರ್ದು, ಬಿಟ್ರೆ ಸ್ವಲ್ಪ ವಾಪಸ್ ಬರ್ತದೆ. ಒಂದೇ ಸಲಕ್ಕೆ ಆಗೋದಿಲ್ಲ, ಅವಸರ ಮಾಡಿದ್ರೆ ಕಟ್ ಅನ್ನುವ ಶಬ್ದ ಕೇಳ್ತದೆ ಅಷ್ಟೇ. ಕಣ್ಣಿಗೆ ಪೂರ್ತಿ ನೇರ ಕಾಣ್ಬೇಕಂತ ಹಟ ಬೇಡ, ಹಿಡಿಯ ಮಧ್ಯ ಮತ್ತೆ ಬುಡ ಒಂದೇ ಗೆರೆಯಲ್ಲಿ ಇದ್ರೆ ನಡುವಿನ ಅಂಕುಡೊಂಕು ಚಂದವೇ.

ಸಿಪ್ಪೆ ತೆಗೆದ ಮೇಲೆ ಆಚಾರಿಗಳು ಒಂದು ಉಪಾಯ ಹೇಳಿಕೊಟ್ರು, ಒಡೆದ ಗಾಜಿನ ತುಂಡು. ಅದರ ಅಂಚಿನಲ್ಲಿ ಹೆರೆದ್ರೆ ಈರುಳ್ಳಿ ಸಿಪ್ಪೆಯಂಥ ತೆಳ್ಳಗಿನ ಹೆರಕಲು ಬರ್ತದೆ, ಗಂಟಿನ ಹತ್ರ ಕೀಸುಳಿ ಕಚ್ಚುವಲ್ಲೂ ಗಾಜು ಸಲೀಸು ಹೋಗ್ತದೆ. ಕೈಗೆ ದಪ್ಪ ಗ್ಲೌಸ್ ಹಾಕಿ ಮಾತ್ರ. ಆಮೇಲೆ 80, 120, 220 ನಂಬರಿನ ಸ್ಯಾಂಡ್ ಪೇಪರ್, ಒಂದಾದ ಮೇಲೆ ಒಂದು. 120 ಆದ ಮೇಲೆ ಒದ್ದೆ ಬಟ್ಟೆಯಲ್ಲಿ ಒಮ್ಮೆ ಒರಸಿ ಒಣಗಿಸಿ, ನಾರು ಎದ್ದು ನಿಲ್ತದೆ, ಅದನ್ನು 220ರಲ್ಲಿ ಉಜ್ಜಿದ್ರೆ ಮುಂದೆ ಬೆವರು ತಾಗಿದ್ರೂ ದೊರಗು ಆಗೋದಿಲ್ಲ.

ಹಿಡಿಗೆ ಮರ ಹುಡುಕೋದೇ ದೊಡ್ಡ ಕಥೆ. ಮಿಲ್ಲಿಗೆ ಹೋದ್ರೆ ಗೇಣುದ್ದದ ತುಂಡು ಯಾರೂ ಕೊಡೋದಿಲ್ಲ, "ಹಲಗೆ ಬೇಕಾದ್ರೆ ಹೇಳಿ" ಅಂತಾರೆ. ಮೈದುನನಿಗೆ ಬೀಟೆಯೇ ಆಗ್ಬೇಕಂತ ಆಸೆ, ದುಬೈಯಲ್ಲಿರುವ ಅವನಿಗೂ ಒಂದು ಬೇಕಂತೆ. ಬೀಟೆ, ತೇಗ, ಶ್ರೀಗಂಧ ಎಲ್ಲ ಅರಣ್ಯ ಇಲಾಖೆಯ ಲೆಕ್ಕದ ಮರ, ಸಾಗಿಸ್ಲಿಕ್ಕೆ ಪಾಸ್ ಬೇಕು, ಎಲ್ಲಿಂದ ತಂದದ್ದು ಅಂತ ತೋರಿಸ್ಲಿಕ್ಕೆ ಬಿಲ್ ಬೇಕು. ಹೊರದೇಶಕ್ಕೆ ಅಂದ್ರೆ ಇನ್ನೂ ಕಷ್ಟ, 2017ರಿಂದ ಬೀಟೆಯ ಇಡೀ ಕುಲವೇ ಸೈಟಿಸ್ (ಅಪಾಯದಲ್ಲಿರುವ ಗಿಡ, ಪ್ರಾಣಿಗಳ ವ್ಯಾಪಾರದ ಮೇಲಿನ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಯಲ್ಲಿ ಉಂಟು. ಒಂದು ಹಿಡಿಗೋಸ್ಕರ ಈ ಕಾಗದಪತ್ರದ ತಲೆಬಿಸಿ ಯಾರಿಗೆ ಬೇಕು ಹೇಳಿ. ನಾನು ಹಳೆ ಮನೆ ಬಿಚ್ಚಿದ ಸಾಮಾನು ಮಾರುವಲ್ಲಿ ಹೋಗಿ ಹಲಸಿನ ದಾರಂದದ (ಬಾಗಿಲ ಚೌಕಟ್ಟಿನ) ಒಂದು ತುಂಡು ತಂದೆ, ಇನ್ನೂರು ರೂಪಾಯಿ. ಅದು ಎಷ್ಟೋ ಕಾಲ ಒಣಗಿ ಆದ ಮರ, ಇನ್ನು ಕುಗ್ಗೋದು ಉಬ್ಬೋದು ಕಮ್ಮಿ. ಮೇಲಿನ ಕಪ್ಪು ಹೆರೆದ್ರೆ ಒಳಗೆ ಜೇನಿನ ಬಣ್ಣ. ಆದ್ರೂ ಬಿಲ್ ಕೇಳಿ ತಕೊಳ್ಳಿ, ಮತ್ತೆ ಮೊಳೆ ಇದೆಯಾ ಅಂತ ಅಯಸ್ಕಾಂತ ಹಿಡಿದು ನೋಡಿ, ಇಲ್ಲದಿದ್ರೆ ಆಚಾರಿಗಳ ಗರಗಸ ಹೋದೀತು, ಅವ್ರ ಬಾಯಿಂದ ಎಂತೆಂತ ಬರ್ತದೆ ಅಂತ ಇಲ್ಲಿ ಬರೀಲಿಕ್ಕೆ ಆಗೋದಿಲ್ಲ.

ಅಡ್ಡ ಹಿಡಿಯಲ್ಲಿ ಎಳೆ ಹಿಡಿಯ ಉದ್ದಕ್ಕೇ ಓಡ್ಬೇಕು, ಮೇಲಿಂದ ಕೆಳಗೆ ಅಲ್ಲ. ಮೇಲಿಂದ ಕೆಳಗೆ ಇದ್ರೆ ಅಂಗೈ ಭಾರಕ್ಕೆ ಮೂತಿ ಎಗರಿ ಹೋಗ್ತದೆ. ಆಕಾರಕ್ಕೆ ನಾನು ಮಾಡಿದ್ದು ಹೀಗೆ: ಸ್ವಲ್ಪ ಮೈದಾ ಹಿಟ್ಟು ಉಪ್ಪು ಹಾಕಿ ಗಟ್ಟಿ ನಾದಿ, ಅಲ್ಯುಮಿನಿಯಂ ಕೋಲಿನ ಹಿಡಿ ಮೇಲೆ ಮೆತ್ತಿ ಮಾವನ ಎಡಗೈಯಲ್ಲಿ ಹಿಡಿಸಿದೆ. ಎಲ್ಲಿ ಒತ್ತಿತು, ಹೆಬ್ಬೆರಳು ಎಲ್ಲಿ ಕೂತಿತು ಅಂತ ಅಚ್ಚು ಬಂತು. ಅದನ್ನು ನೋಡಿಕೊಂಡು ಅರದಲ್ಲಿ ಉಜ್ಜಿದ್ದು. ಪ್ರತಿ ಸಲ ಮಾವನ ಕೈಗೆ ಕೊಟ್ಟು ಕೇಳೋದು, ಅವ್ರು "ಇಲ್ಲಿ ಚೂರು" ಅನ್ನೋದು, ನಾನು ಚೂರು ಉಜ್ಜೋದು. ಕೆತ್ತನೆ, ಆನೆ ಮುಖ, ಹೂಬಳ್ಳಿ ಎಲ್ಲ ಬೇಡ ಅಂತ ನನ್ನ ಅಭಿಪ್ರಾಯ. ಭಾರ ಹಾಕುವಲ್ಲಿ ಆನೆಯ ಸೊಂಡಿಲು ಚುಚ್ಚಿದ್ರೆ ಯಾರಿಗೆ ಸುಖ?

ಜೋಡಿಸುವ ಕೆಲಸ ಮಾತ್ರ ಆಚಾರಿಗಳದ್ದೇ. ಕೋಲಿನ ತುದಿಗೆ ನೇರ ತೂತು ಕೊರೆಯೋದು ಅಂದುಕೊಂಡಷ್ಟು ಸುಲಭ ಅಲ್ಲ, ಎಳೆ ಉದ್ದಕ್ಕೆ ಡ್ರಿಲ್ ಹೋಗುವಾಗ ಗಟ್ಟಿ ಸಿಕ್ಕಿದಲ್ಲಿ ಪಕ್ಕಕ್ಕೆ ಜಾರ್ತದೆ. ಆದ್ರೆ ಆಚಾರಿಗಳಿಗೆ ಟೈಮ್ ಆಗ್ಬೇಕಲ್ಲ! ನವರಾತ್ರಿ, ದೀಪಾವಳಿಗೆ ಮೊದಲು ಗೃಹಪ್ರವೇಶದ ಬಾಗಿಲು ಕಿಟಕಿ ಕೆಲಸ ರಾಶಿ, ನಾಳೆ ಬನ್ನಿ, ಆದಿತ್ಯವಾರ ಬನ್ನಿ, ಫೋನ್ ಮಾಡ್ತೇನೆ. ಫೋನ್ ಅವ್ರು ಮಾಡೋದಿಲ್ಲ, ನೀವೇ ಹೋಗಿ ಕೂರ್ಬೇಕು. ಕೂತ ಮೇಲೆ ಕೆಲಸ ಅರ್ಧ ಗಂಟೆ. ಇಬ್ಬರು ಹಿಡಿದು ನೋಡ್ತಾ ಎರಡೂ ಕಡೆ ಎರಡೆರಡು ಇಂಚು ತೂತು, ಒಳಗೆ 8 ಎಂಎಂ ಥ್ರೆಡ್ ರಾಡ್, ಅರಾಲ್ಡೈಟ್ ಅಂಟು ತುಂಬಿ ಕೂರಿಸಿ, ಸೈಕಲ್ ಟ್ಯೂಬಿನಲ್ಲಿ ಬಿಗಿದು ಕಟ್ಟಿ ಒಂದು ದಿನ ಇಟ್ಟದ್ದು. ಸಂದಿ ಕಾಣದ ಹಾಗೆ ಹಿತ್ತಾಳೆ ಪೈಪಿನ ತುಂಡಿನಿಂದ ಒಂದು ಬಳೆ, ಅದನ್ನು ಲೇತ್‌ನಲ್ಲಿ ಕಡೆಸಿದ್ದು, ಲೇತ್‌ನವ್ರು ನೂರೈವತ್ತು ತಕೊಂಡ್ರು. ಬಳೆ ಜೋಡಿಸುವ ಮೊದಲೇ ತೂರಿಸ್ಬೇಕು, ಗಮನ ಇರ್ಲಿ.

ಪಾಲಿಶ್‌ಗೆ ಆಚಾರಿಗಳು ಹೇಳಿದ್ದು ಅರಗಿನದ್ದು, ಸ್ಪಿರಿಟ್‌ನಲ್ಲಿ ಕರಗಿಸಿ ಬಟ್ಟೆ ಉಂಡೆಯಲ್ಲಿ ಒರಸೋದು. ಕೋಲಿನ ಮೈಗೆ ಅದೇ ಹಾಕಿದೆ, ಪೇರಳೆಯ ನಸುಗೆಂಪು ಎದ್ದು ಬಂತು. ಮೋಡ ಇದ್ದ ದಿವಸ ಮಾತ್ರ ಮುಟ್ಟಬೇಡಿ, ಹವೆಯಲ್ಲಿ ತೇವ ಇದ್ರೆ ಪಾಲಿಶ್ ಬೆಳ್ಳಗೆ ಮಂಜು ಕಟ್ತದೆ. ಹಿಡಿಗೆ ಅರಗು ಬೇಡ ಅಂತ ನಾನು ತೀರ್ಮಾನ ಮಾಡಿದ್ದು ಬೇರೆ ಕಾರಣಕ್ಕೆ: ಮಾವ ಈಗಲೂ ಹೊರಗಿಂದ ಬಂದವ್ರೇ ಸ್ಯಾನಿಟೈಸರ್ ಉಜ್ಜಿಕೊಳ್ತಾರೆ, ಅದರಲ್ಲಿರುವ ಆಲ್ಕೋಹಾಲ್‌ಗೆ ಅರಗು ಕರಗಿ ಕೈಗೆ ಅಂಟ್ತದೆ. ಹಿಡಿಗೆ ಬಾಯಿಲ್ಡ್ ಅಗಸೆ ಎಣ್ಣೆ, ತೆಳ್ಳಗೆ ಹಚ್ಚಿ ಕಾಲು ಗಂಟೆ ಬಿಟ್ಟು ಪೂರ್ತಿ ಒರಸಿ, ಮಾರನೇ ದಿನ ಮತ್ತೆ. ತೆಂಗಿನೆಣ್ಣೆ ಮನೇಲಿ ಉಂಟಲ್ಲ ಅಂತ ಅದನ್ನು ಹಚ್ಚಬೇಡಿ, ಅದು ಒಣಗುವ ಎಣ್ಣೆ ಅಲ್ಲ, ಧೂಳು ಹಿಡಿದು ಕಪ್ಪಾಗ್ತದೆ. ಇನ್ನೊಂದು ಬಹಳ ಮುಖ್ಯ, ಅಗಸೆ ಎಣ್ಣೆ ಒರಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ತನ್ನಷ್ಟಕ್ಕೇ ಬಿಸಿಯಾಗಿ ಬೆಂಕಿ ಹಿಡಿಯುವುದುಂಟು. ನೀರಲ್ಲಿ ನೆನೆಸಿ, ಇಲ್ಲವೇ ಹೊರಗೆ ಬಿಡಿಸಿ ಹರಡಿ ಒಣಗಿಸಿ.

ಕೊನೆಗೆ ಬುಡ ಕತ್ತರಿಸೋದು. ಎಲ್ಲ ಮುಗಿದ ಮೇಲೆಯೇ ಕತ್ತರಿಸ್ಬೇಕು, ಯಾಕಂದ್ರೆ ಹಿಡಿಯ ದಪ್ಪವೂ ರಬ್ಬರ್‌ನ ದಪ್ಪವೂ ಎತ್ತರಕ್ಕೆ ಸೇರ್ತದೆ, ರಬ್ಬರ್ ಒಂದೇ ಸುಮಾರು ಒಂದು ಸೆಂಟಿಮೀಟರ್. ಅಲ್ಯುಮಿನಿಯಂ ಕೋಲು ಪಕ್ಕದಲ್ಲಿ ನಿಲ್ಲಿಸಿ ಗೆರೆ ಹಾಕಿ, ಒಂದು ಬೆರಳು ಉದ್ದವೇ ಬಿಟ್ಟು ಕೊಯ್ದು, ಮಾವನಿಗೆ ಚಪ್ಪಲಿ ಹಾಕಿಸಿ ಅಂಗಳದಲ್ಲಿ ನಡೆಸಿ, ಮತ್ತೆ ಚೂರು ಚೂರು ಕೊಯ್ದೆ. ರಬ್ಬರ್ ಬುಷ್ ಸರ್ಜಿಕಲ್ ಅಂಗಡಿಯಲ್ಲಿ ಸಿಕ್ತದೆ, ಕೋಲಿನ ದಪ್ಪಕ್ಕೆ 16, 19, 22 ಎಂಎಂ ಅಂತ ಸೈಜ್ ಉಂಟು. ಉಡುಪಿಯಲ್ಲಿ ನನಗೆ ಬೇಕಾದ 19 ಸ್ಟಾಕ್ ಇರ್ಲಿಲ್ಲ, "ಮುಂದಿನ ವಾರ" ಅಂತ ಎರಡು ವಾರ ಎಳೆದ್ರು, ಕೊನೆಗೆ ಬೇರೆ ಕೆಲಸಕ್ಕೆ ಮಂಗಳೂರಿಗೆ ಹೋದಾಗ ಹಂಪನಕಟ್ಟೆ ಕಡೆ ಸಿಕ್ಕಿತು, ಅರವತ್ತು ರೂಪಾಯಿ. ಎರಡು ಜಾಸ್ತಿ ತಂದಿಟ್ಟೆ. ಅಡಿಯಲ್ಲಿ ಉಂಗುರ ಉಂಗುರ ಗೆರೆ ಇರುವಂಥದ್ದೇ ಬೇಕು, ಆ ಗೆರೆ ಸವೆದ ದಿವಸ ಬದಲಿಸ್ಬೇಕು. ಹೊಸ ರಬ್ಬರ್ ಆದ್ರೂ ಪಾಚಿ ಕಟ್ಟಿದ ಅಂಗಳದಲ್ಲಿ, ಒದ್ದೆ ದೇವಸ್ಥಾನದ ಕಲ್ಲಲ್ಲಿ ಜಾರ್ತದೆ, ಅದನ್ನು ಹಿರಿಯರಿಗೆ ಹೇಳಿಯೇ ಕೊಡಿ. ಕರಿ ರಬ್ಬರ್ ಕೆಲವು ನೆಲಕ್ಕೆ ಗುರುತು ಬಿಡ್ತದೆ, ನಮ್ಮ ಕೆಂಪು ನೆಲದಲ್ಲಿ ಕಾಣೋದಿಲ್ಲ, ಬಿಳಿ ಟೈಲ್ಸ್‌ನವ್ರು ಬೂದು ಬಣ್ಣದ್ದು ಕೇಳಿ.

ಮಾವ ಮೊದಲು ಹಿಡಿದು "ಭಾರ ಉಂಟಲ್ಲ" ಅಂದ್ರು. ಸತ್ಯ, ಅಲ್ಯುಮಿನಿಯಂಗಿಂತ ಭಾರವೇ. ಮಾರನೇ ದಿನ ಹಾಲಿನ ಡೈರಿಗೆ ಹಿಡ್ಕೊಂಡು ಹೋದ್ರು, ಬಂದವ್ರು ಎಂತ ಹೇಳ್ಲಿಲ್ಲ, ಕೋಲನ್ನು ಬಾಗಿಲ ಹಿಂದೆ ಅಲ್ಲ, ಚಾವಡಿಯಲ್ಲಿ ಎಲ್ಲರಿಗೂ ಕಾಣುವಲ್ಲಿ ಇಟ್ರು. ಯಾರೂ ಎಂತ ಆಯ್ತು ಅಂತ ಕೇಳ್ಲಿಲ್ವಂತೆ, ಎಲ್ಲಿಂದ ತಂದದ್ದು ಅಂತ ಕೇಳಿದ್ರಂತೆ.

ಖರ್ಚು ಒಟ್ಟು ಹಾಕಿದ್ರೆ ಆಚಾರಿಗಳಿಗೆ ಕೊಟ್ಟ ಐನೂರು ಸೇರಿ ಸಾವಿರದ ಐನೂರರ ಆಸುಪಾಸು, ಅರಗು, ಎಣ್ಣೆ ಇನ್ನೂ ಡಬ್ಬದಲ್ಲಿ ಉಳಿದಿದೆ. ದುಡ್ಡು ಉಳಿಸ್ಲಿಕ್ಕೆ ಅಂತ ಇದಕ್ಕೆ ಇಳಿಯೋದಾದ್ರೆ ಬೇಡ, ಅಂಗಡಿಯದ್ದೇ ಅಗ್ಗ. ಇವತ್ತೇ ಕೋಲು ಬೇಕಾದವ್ರು ಇದಕ್ಕಾಗಿ ಕಾಯಲೂ ಬೇಡಿ, ಮೊದಲು ಅಲ್ಯುಮಿನಿಯಂದು ಹಿಡಿಸಿ, ಮರದ್ದು ಆಮೇಲೆ. ನಂಗೂ ಒಂದು ಮಾಡಿಕೊಡಿ ಅಂತ ಈಗಲೇ ಇಬ್ಬರು ಮೂವರು ಕೇಳಿ ಆಗಿದೆ, ಅವ್ರಿಗೆ ಹೇಳಿದ್ದನ್ನೇ ಇಲ್ಲೂ ಹೇಳ್ತೇನೆ: ಕೊಂಬೆ ನಿಮ್ಮ ಹಿತ್ತಿಲಲ್ಲೇ ನೋಡಿಟ್ಟುಕೊಳ್ಳಿ, ಮಕರ ತಿಂಗಳಿಗೆ ಇನ್ನು ಹೆಚ್ಚು ದಿನ ಇಲ್ಲ, ಕೊಂಬೆಯ ಎರಡೂ ಕೊನೆಗೆ ಬಳೀಲಿಕ್ಕೆ ಮೇಣ ತಂದಿಟ್ಟು ಆಮೇಲೆ ಕತ್ತಿ ತೆಗೀರಿ.